ಹೂವಿಗೆ ಹೊಲಿದ ಅಂಗಿ

ದೊಡ್ಡಮ್ಮ ಹೊಲಿದ ಅಂಗಿಯ ಕತ್ತು ಯಾವತ್ತೂ ಅಳತೆಗಿಂತ ಒಂದು ಬೆರಳು ಸಡಿಲ. ಇದು ಇಡೀ ಬೀದಿಗೇ ಗೊತ್ತಿದ್ದ ಸಂಗತಿ. ಹೊಸಬರು ಯಾರಾದರೂ ಬಟ್ಟೆ ಕೊಡಲು ಬಂದರೆ ಹಳಬರು ಅಂಗಡಿಯ ಮೆಟ್ಟಿಲ ಮೇಲೇ ಹಿಡಿದು ನಿಲ್ಲಿಸಿ, "ಹೊಲಿಗೆ ಬಂಗಾರದಂಥದ್ದು, ಕತ್ತು ಮಾತ್ರ ಸರಿಯಾಗಿ ಇಡಿ ಅಂತ ಎರಡೆರಡು ಸಲ ಹೇಳಿ" ಎಂದು ಕಿವಿಮಾತು ಹೇಳಿ ಕಳಿಸುತ್ತಿದ್ದರು. ಎರಡಲ್ಲ, ಇಪ್ಪತ್ತು ಸಲ ಹೇಳಿದರೂ ಏನೂ ಪ್ರಯೋಜನವಿರಲಿಲ್ಲ ಅನ್ನಿ. ದೊಡ್ಡಮ್ಮ ಹೂಂ ಹೂಂ ಎಂದು ತಲೆಯಾಡಿಸಿ, ಟೇಪು ಹಿಡಿದು ಅಳತೆ ತೆಗೆದುಕೊಂಡು, ಕತ್ತರಿ ಕೈಗೆ ಬಂದಾಗ ತನಗೆ ಬೇಕಾದ ಹಾಗೇ ಕತ್ತರಿಸುತ್ತಿದ್ದಳು. ಯಾಕಮ್ಮಾ ಹೀಗೆ ಎಂದರೆ, "ಮನುಷ್ಯರು ಉಸಿರಾಡೋದು ಬೇಡ್ವೇನ್ರೀ?" ಎಂದು ಕೇಳಿದವರನ್ನೇ ತಿರುಗಿಸಿ ಕೇಳುವಳು.

ಈ ಚಾಳಿ ಶುರುವಾದದ್ದು ಪೀಪಿಯಿಂದ. ಪೀಪಿ ಅವಳ ತಂಗಿಯ ಮಗಳು. ತಂಗಿ ಆಸ್ಪತ್ರೆಯಲ್ಲಿ ನರ್ಸು. ಹಗಲು ಪಾಳಿ, ಇರುಳು ಪಾಳಿ ಅಂತ ಅವಳಿಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ ಮೆಷಿನ್ ತುಳಿದುಕೊಂಡು ಹಾಯಾಗಿದ್ದ ದೊಡ್ಡಮ್ಮನ ಮಡಿಲಿಗೆ ಮಗು ಬಂದು ಬಿತ್ತು. ಬಂದದ್ದು ಬಂತು, ಜೊತೆಗೆ ಉಬ್ಬಸವನ್ನೂ ತಂದಿತು. ಎದೆಯೊಳಗಿಂದ ಸುಂಯ್ ಸುಂಯ್ ಅಂತ ಆಟದ ಪೀಪಿ ಊದಿದ ಹಾಗೆ ಸದ್ದು. ಆ ಹೆಸರು ಇಟ್ಟವನು ಹಿಂದಿನ ಮನೆಯ ಡ್ರೈವರ್ ಮಾಮ. ಒಂದು ದಿನ ಹೊಸ ಅಂಗಿಯ ಮೇಲಿನ ಗುಂಡಿ ಹಾಕಿದ್ದೇ ತಡ, ಮಗುವಿಗೆ ಉಸಿರು ಸಿಕ್ಕಿಕೊಂಡು ತುಟಿ ನೀಲಿಯಾಗಿಬಿಟ್ಟಿತು. ಗುಂಡಿಗೂ ಉಬ್ಬಸಕ್ಕೂ ಸಂಬಂಧವೇ ಇಲ್ಲ ಎಂದು ಡಾಕ್ಟರು ಹೇಳಿದರು, ನರ್ಸು ತಂಗಿಯೂ ಹೇಳಿದಳು. ಹೇಳಿದರೆ ಕೇಳುವ ಜೀವವೇ ಅದು? ದೊಡ್ಡಮ್ಮ ಆಸ್ಪತ್ರೆಯಿಂದ ಬಂದವಳೇ ಮಗುವಿನ ಅಂಗಿಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತು, ಕತ್ತಿನ ಹೊಲಿಗೆ ಬಿಚ್ಚಿ, ಅಗಲ ಮಾಡಿ ಮತ್ತೆ ಹೊಲಿದಳು. ಅಂದಿನಿಂದ ಊರವರ ಕತ್ತಿಗೆಲ್ಲ ಒಂದು ಬೆರಳು ಸಡಿಲ, ಪೀಪಿಯ ಕತ್ತಿಗೆ ಎರಡು.

ಈಗ ಪೀಪಿ ಕಾಲೇಜಿನಲ್ಲಿ ಕಾಡುಜೇನುಗಳ ಮೇಲೆ ಸಂಶೋಧನೆ ಮಾಡುವ ದೊಡ್ಡ ಹೆಂಗಸು. ಉಬ್ಬಸ ಎಂದೋ ಬಿಟ್ಟುಹೋಗಿದೆ. ದೊಡ್ಡಮ್ಮನ ಕತ್ತರಿ ಬಿಟ್ಟಿಲ್ಲ. ಅಂಗಿ ಭುಜದಿಂದ ಜಾರುತ್ತದೆಂದು ಪೀಪಿ ಬೆನ್ನ ಹಿಂದೆ ಕತ್ತಿನ ಬಳಿ ಒಂದು ಪಿನ್ನು ಚುಚ್ಚಿಕೊಂಡು ಓಡಾಡುತ್ತಾಳೆ. ದೊಡ್ಡಮ್ಮನಿಗೆ ಆ ಪಿನ್ನು ಕಂಡರೆ ಮೈಯೆಲ್ಲ ಉರಿ. "ಅಷ್ಟು ಕಷ್ಟಪಟ್ಟು ಹೊಲಿದಿದ್ದಕ್ಕೆ ಮೊಳೆ ಹೊಡ್ಕೊಂಡ್ಯಾ?" ಎನ್ನುತ್ತಾಳೆ. "ನೀನು ಅಳತೆಗೆ ಹೊಲಿ, ನಾನು ಮೊಳೆ ಕೀಳ್ತೀನಿ" ಎನ್ನುತ್ತಾಳೆ ಇವಳು. ವರ್ಷಗಳಿಂದ ಈ ಜಗಳ ಮುಗಿದಿಲ್ಲ, ಮುಗಿಯುವುದು ಇಬ್ಬರಿಗೂ ಬೇಕಿಲ್ಲ.

ಅಂಗಡಿಯ ಹಿಂದೆ ಒಂದು ಮಣ್ಣಿನ ಗೋಡೆ. ಆ ಕಡೆ ಡ್ರೈವರ್ ಮಾಮನ ಹಿತ್ತಲು, ಈ ಕಡೆ ದೊಡ್ಡಮ್ಮ ಬಟ್ಟೆ ಒಣಹಾಕುವ ಜಾಗ. ಅಂಗಡಿ, ಹಿತ್ತಲು, ಗೋಡೆ ಎಲ್ಲವೂ ಡ್ರೈವರ್ ಮಾಮನದೇ. ಗೋಡೆಗೆ ಎಷ್ಟು ವಯಸ್ಸೋ, ಅಲ್ಲಲ್ಲಿ ಬಿರುಕು ಬಿಟ್ಟು, ಮೇಲೆ ಹುಲ್ಲು ಬೆಳೆದು, ಹೊಟ್ಟೆ ಮುಂದಕ್ಕೆ ಬಂದಿತ್ತು. ಆ ಬಿರುಕುಗಳಲ್ಲಿ ಮಿಸರೆ ಜೇನುಗಳ ಸಂಸಾರ. ಕುಟುಕಲು ಮುಳ್ಳಿಲ್ಲದ, ಅಕ್ಕಿಕಾಳಿನಷ್ಟೂ ಇಲ್ಲದ ಕಪ್ಪು ಹುಳುಗಳು. ನೋಡಿದವರು ನೊರಜು ಅಂದುಕೊಂಡು ಕೈಬೀಸಿ ಮುಂದೆ ಹೋಗುತ್ತಾರೆ. ಗೋಡೆಯಿಂದ ಬೆರಳುದ್ದದ ಮೇಣದ ಕೊಳವೆಗಳು ಹೊರಬಂದಿದ್ದವು. ಅವೇ ಬಾಗಿಲು. ಕೊಳವೆಯ ಬಾಯಲ್ಲಿ ಕಾವಲಿನವು ತಲೆಗೆ ತಲೆ ಕೊಟ್ಟು ಕೂತಿರುತ್ತಿದ್ದವು.

ಬೇರೆ ಮಕ್ಕಳು ಓಡಿ ಆಡುವಾಗ ಓಡಲಾಗದ ಪೀಪಿಯನ್ನು ದೊಡ್ಡಮ್ಮ ಈ ಗೋಡೆಯ ಮುಂದೆ ಸ್ಟೂಲು ಹಾಕಿ ಕೂರಿಸುತ್ತಿದ್ದಳು. "ಯಾರ್ಯಾರು ಮನೆಗೆ ಬಂದ್ರು, ಏನೇನು ತಂದ್ರು ಅಂತ ನೋಡ್ಕೊಂಡು ನಂಗೆ ಹೇಳು" ಎಂದು ಕೆಲಸ ಹಚ್ಚಿ ಒಳಗೆ ಹೋದರೆ, ಮಗು ಉಸಿರನ್ನು ಮೆಲ್ಲಗೆ ಎಳೆದುಕೊಳ್ಳುತ್ತ ಕಣ್ಣು ಮಿಟುಕಿಸದೆ ಕೂತಿರುತ್ತಿತ್ತು. ಜೋರಾಗಿ ಉಸಿರು ಬಿಟ್ಟರೆ ಹುಳು ಒಳಗೆ ಓಡುತ್ತವೆಂದು ತಾನಾಗಿಯೇ ಕಲಿತಿತ್ತು. "ದೊಡ್ಡಮ್ಮಾ, ಒಂದು ಹಳದಿ ಪುಡಿ ತಂತು, ಕಾಲಿಗೆ ಅಂಟಿಸ್ಕೊಂಡಿದೆ!" ಎಂದು ವರದಿ ಒಪ್ಪಿಸಿದರೆ ದೊಡ್ಡಮ್ಮ ಹಲ್ಲಲ್ಲಿ ದಾರ ಕಚ್ಚಿಕೊಂಡೇ, "ಕಾಲಿಗೆ ಜೇಬು! ನಂಗೂ ಹೊಳೀಲಿಲ್ಲ ನೋಡು ಇಷ್ಟು ವರ್ಷ" ಎನ್ನುತ್ತಿದ್ದಳು. ಮುಂದೆ ಪೀಪಿ ಕಾಲೇಜಿನಿಂದ ಕಲಿತು ಬಂದು, ಎಲೆಯನ್ನು ದುಂಡಗೆ ಕತ್ತರಿಸಿ ಗೂಡಿಗೆ ಒಳಪದರ ಹಾಕುವ ಜೇನೂ ಉಂಟು ಎಂದು ಹೇಳಿದಾಗ, "ಅದು ನಮ್ಮ ಕಸುಬಿನದು, ಅದಕ್ಕೆ ನನ್ನ ನಮಸ್ಕಾರ ಹೇಳು" ಎಂದಿದ್ದಳು. ಹುಡುಗಿ ಇಂಥ ಓದನ್ನು ಯಾಕೆ ಹಿಡಿದಳೋ ಎಂದು ತಂಗಿ ಗೊಣಗಿದಾಗಲೆಲ್ಲ ದೊಡ್ಡಮ್ಮ ಬಾಯಿಗೆ ಬೀಗ ಹಾಕಿಕೊಂಡು ಸುಮ್ಮನಿರುತ್ತಿದ್ದಳು. ಕಾರಣ ಯಾರೆಂದು ಅವಳಿಗೆ ಗೊತ್ತಿತ್ತಲ್ಲ.

ಈಗ ಆ ಗೋಡೆಗೇ ಕುತ್ತು ಬಂದಿತ್ತು. ಡ್ರೈವರ್ ಮಾಮ ಕೆಲಸದಿಂದ ನಿವೃತ್ತನಾದ ಮೇಲೆ ಸುಮ್ಮನಿರಲಾಗದೆ ಒಂದು ಹಳೇ ವ್ಯಾನು ತಂದಿದ್ದ. ಅದು ಬೀದಿಯಲ್ಲಿ ಬಿಸಿಲಿಗೆ ನಿಂತಿರುವುದನ್ನು ಕಂಡರೆ ಅವನ ಕರುಳು ಕಿತ್ತು ಬರುತ್ತಿತ್ತು. ಗೋಡೆ ಒಡೆದು, ಅಲ್ಲಿಂದ ಹಿತ್ತಲಿಗೆ ದಾರಿ ಮಾಡಿ, ವ್ಯಾನಿಗೊಂದು ಶೆಡ್ಡು ಹಾಕುವುದೆಂದು ತೀರ್ಮಾನಿಸಿ ಗಾರೆ ಮೇಸ್ತ್ರಿಗೂ ಹೇಳಿಬಿಟ್ಟ. ಸುದ್ದಿ ಕೇಳಿದ್ದೇ ಪೀಪಿ ಕೆಂಡವಾಗಿ ಅವನ ಹಿತ್ತಲಿಗೆ ನುಗ್ಗಿದಳು. ದೊಡ್ಡಮ್ಮ ಕೈಯಲ್ಲಿದ್ದ ಕತ್ತರಿಯನ್ನೂ ಇಡದೆ ಹಿಂದೆಯೇ ಹೋದಳು.

ಡ್ರೈವರ್ ಮಾಮ ತನ್ನ ಸೌತೆ ಬಳ್ಳಿಯ ಚಪ್ಪರದ ಕೆಳಗೆ ಕೂತಿದ್ದ. ಹಿತ್ತಲಲ್ಲಿ ಅವನು ಬೆಳೆಯುತ್ತಿದ್ದದ್ದು ಅದೊಂದೇ. ಆದರೆ ಆ ಒಂದನ್ನು ಮೊಮ್ಮಕ್ಕಳ ಹಾಗೆ ಸಾಕುತ್ತಿದ್ದ. ಬೆಳಿಗ್ಗೆ ಎದ್ದು ಒಂದೊಂದು ಕಾಯನ್ನೂ ಸವರಿ, ನಿನ್ನೆಗಿಂತ ಎಷ್ಟು ಉದ್ದವಾಯಿತೆಂದು ನೋಡಿದ ಮೇಲೇ ಅವನ ಚಹಾ.

"ಮಾಮ, ಆ ಗೋಡೆ ಒಡೆದ್ರೆ ನಿಮ್ಮ ಸೌತೆಕಾಯಿಗೆ ಎಳ್ಳುನೀರು ಬಿಟ್ಟ ಹಾಗೇ" ಎಂದಳು ಪೀಪಿ. "ನಿಮ್ಮ ಹೂವಿಗೆ ಪರಾಗ ತಂದು ಹಾಕೋದು ಆ ಮಿಸರೆಗಳು. ಅವಿಲ್ದೆ ಕಾಯಿ ಕಚ್ಚಲ್ಲ."

"ಹೋಗೇ ಹೋಗೇ! ಸೌತೆ ಬಳ್ಳಿ ಸೌತೆ ಬಿಡುತ್ತೆ. ಅದಕ್ಕೆ ಯಾವ ಹುಳದ ಅಪ್ಪಣೆ ಬೇಕು? ಆ ನೊರಜುಗಳು ಬರೀ ಹಾರ್ನ್ ಹೊಡ್ಕೊಂಡು ತಿರುಗೋ ಗಾಡಿಗಳು. ಲೋಡು ಎತ್ತೋವಲ್ಲ."

"ಎತ್ತುತ್ತವೆ ಅಂತ ತೋರಿಸಿದ್ರೆ?"

ಡ್ರೈವರ್ ಮಾಮ ಕೆಟ್ಟವನಲ್ಲ. ಉಬ್ಬಸ ಹೆಚ್ಚಾದಾಗಲೆಲ್ಲ ಈ ಹುಡುಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಓಡಿದ್ದು ಅವನೇ. ಮೀಸೆಯಡಿ ನಕ್ಕು, "ತೋರಿಸು ನೋಡೋಣ. ತೋರಿಸಿದ್ರೆ ಗೋಡೆ ಇರ್ಲಿ. ವ್ಯಾನು ನೆನೀಲಿ, ಒಣಗ್ಲಿ. ತೋರಿಸ್ಲಿಲ್ಲ ಅಂದ್ರೆ ಸೋಮವಾರ ಮೇಸ್ತ್ರಿ ಬರ್ತಾನೆ. ಆಮೇಲೆ ಅಳಬಾರ್ದು" ಎಂದ.

ತೋರಿಸುವ ದಾರಿ ಪೀಪಿಗೆ ಗೊತ್ತಿತ್ತು. ಸೌತೆಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಹಿಂದೆ ಮೊಗ್ಗಿನಲ್ಲೇ ಎಳೆ ಕಾಯಿಯೊಂದು ಅಂಟಿಕೊಂಡಿರುತ್ತದೆ. ಹೂವು ಅರಳಿದ ದಿನ ಗಂಡು ಹೂವಿನ ಪುಡಿ ಬಂದು ಬಿದ್ದರೆ ಅದು ಊದುತ್ತದೆ, ಇಲ್ಲವಾದರೆ ಹಳದಿಯಾಗಿ ಉದುರುತ್ತದೆ. ಅರಳುವ ಹಿಂದಿನ ಸಂಜೆ ಕೆಲವು ಹೆಣ್ಣು ಮೊಗ್ಗುಗಳಿಗೆ ಹುಳು ನುಸುಳದಂಥ ಬಟ್ಟೆಯ ಚೀಲ ಕಟ್ಟಬೇಕು, ಕೆಲವನ್ನು ಹಾಗೇ ಬಿಡಬೇಕು. ಚೀಲದೊಳಗಿನವು ಉದುರಿ, ಹೊರಗಿನವು ಕಾಯಾದರೆ ಡ್ರೈವರ್ ಮಾಮ ಬಾಯಿ ಮುಚ್ಚಬೇಕು.

"ಚೀಲ ಹೊಲಿಯೋಕೆ ಟೈಲರ್ ಹುಡುಕ್ಬೇಕು" ಎಂದು ಪೀಪಿ ಕಣ್ಣು ಮಿಟುಕಿಸಿ ನೆಟ್ ಬಟ್ಟೆಯ ಸುರುಳಿಯನ್ನು ಮೆಷಿನ್ನಿನ ಮೇಲಿಟ್ಟಳು.

ದೊಡ್ಡಮ್ಮ ಆ ದಿನ ಬೇರೆ ಬಟ್ಟೆಗಳನ್ನೆಲ್ಲ ಪಕ್ಕಕ್ಕೆ ಸರಿಸಿದಳು. ಎಂದಾದರೂ ಹೂವಿಗೆ ಅಂಗಿ ಹೊಲಿದದ್ದುಂಟೇ? ಎಷ್ಟು ಉದ್ದ, ಎಷ್ಟು ಅಗಲ ಎಂದು ಹಿತ್ತಲಿಗೆ ಹೋಗಿ ಮೊಗ್ಗಿಗೆ ಟೇಪು ಹಿಡಿದು ಅಳತೆ ತೆಗೆದಳು. ಡ್ರೈವರ್ ಮಾಮ ನಗುತ್ತ, "ಟೈಲರಮ್ಮ, ಸೊಂಟದ ಅಳತೆನೂ ತಗೊಳ್ಳಿ" ಎಂದ. ಆಮೇಲೆ ದೊಡ್ಡಮ್ಮ ಬಟ್ಟೆಗೆ ನೆರಿಗೆಯಂತೆ ಸುರುಕು ಹಿಡಿದು, ಚೀಲದ ಬಾಯಿಗೆ ದಾರ ಪೋಣಿಸಿ, ಕಟ್ಟಿದರೆ ತೊಟ್ಟಿಗೆ ನೋವಾಗದ ಹಾಗೆ ಮೆತ್ತನೆ ಪಟ್ಟಿ ಕೊಟ್ಟು, ಒಂದಕ್ಕಿಂತ ಒಂದು ಚೆಂದದ ಚೀಲಗಳನ್ನು ಹೊಲಿದಳು.

ಮೊದಲನೆಯದು ಮುಗಿದಾಗ ಅದನ್ನು ಬಾಯಿಗೆ ಹಿಡಿದು ಊದಿ ನೋಡಿದಳು. ಬಟ್ಟೆ ನೆಟ್ಟೇ ಆದರೂ ತುಂಬ ಸಣ್ಣ ನೇಯ್ಗೆ. ಉಸಿರು ಹೋಗುತ್ತಿತ್ತು, ಆದರೆ ಅವಳಿಗೆ ಸಾಲದು ಅನ್ನಿಸಿತು. ಈ ಬಿಸಿಲಲ್ಲಿ, ಎಳೆ ಹೂವು, ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡು ಇಡೀ ದಿನ ಇರಬೇಕಲ್ಲ ಅನ್ನಿಸಿ ಅವಳಿಗೇ ಕತ್ತಿನ ಹತ್ತಿರ ಏನೋ ಬಿಗಿದಂತಾಯಿತು. ಕೈ ತನ್ನಷ್ಟಕ್ಕೆ ಸಣ್ಣ ಕತ್ತರಿ ಎತ್ತಿಕೊಂಡಿತು. ಎರಡು ಸುರುಕಿನ ನಡುವೆ, ಮೇಲೆ ಕಾಣದ ಹಾಗೆ, ಹಸುಗೂಸಿನ ಅಂಗಿಯ ಗುಂಡಿಗೆ ಇಡುವಂಥ ಒಂದು ಪುಟ್ಟ ಕಾಜಾ ಇಟ್ಟಳು. ಸುತ್ತ ರೇಷ್ಮೆ ದಾರದಿಂದ ಒತ್ತೊತ್ತಾಗಿ ಹೆಣೆದಳು. ಎಲ್ಲ ಚೀಲಕ್ಕೂ ಒಂದೊಂದು ಇಟ್ಟಳು. ಇಟ್ಟದ್ದು ಇಟ್ಟು ಮರೆತೂ ಬಿಟ್ಟಳು. ಕತ್ತನ್ನು ಸಡಿಲ ಬಿಡುವುದು ಹೇಗೆ ಅವಳ ನೆನಪಿನ ಲೆಕ್ಕಕ್ಕೇ ಬರುತ್ತಿರಲಿಲ್ಲವೋ ಹಾಗೆ.

ಪೀಪಿ ಸಂಜೆ ಬಂದು ಚೀಲಗಳನ್ನು ನೋಡಿ, "ಇದನ್ನ ಹಾಕ್ಕೊಂಡು ಹೂವು ಮದುವೆಗೇ ಹೋಗ್ಬಹುದು ದೊಡ್ಡಮ್ಮಾ!" ಎಂದು ಅವಳ ಕೆನ್ನೆ ಹಿಂಡಿದಳು. ದಾರಗಳನ್ನು ಎಳೆದು ನೋಡಿದಳು, ಅಂಚು ಎಲ್ಲಾದರೂ ಬಿಟ್ಟಿದೆಯೇ ಎಂದು ನೋಡಿದಳು. ಸುರುಕು ಬಿಡಿಸಿ ನೋಡಲಿಲ್ಲ. ಯಾಕೆ ನೋಡುತ್ತಾಳೆ? ಹೊಲಿದವಳು ದೊಡ್ಡಮ್ಮ.

ಅಲ್ಲಿಂದ ಮುಂದೆ ಪೀಪಿ ಬೆಳಿಗ್ಗೆಯೆಲ್ಲ ಹಿತ್ತಲಲ್ಲೇ ಇದ್ದಳು. ಚೀಲ ಕಟ್ಟಿದವನ್ನು ಅವುಗಳ ಪಾಡಿಗೆ ಬಿಟ್ಟು, ತೆರೆದ ಹೂವುಗಳ ಮುಂದೆ ಅದೇ ಹಳೇ ಸ್ಟೂಲು ಹಾಕಿಕೊಂಡು ಮೈಯೆಲ್ಲ ಕಣ್ಣಾಗಿ ಕೂತಳು. ಬೇಲಿಯ ಹೂವಿಗೆ ಗುಂಯ್‌ಗುಟ್ಟುತ್ತ ಬರುವ ಕರಿ ದುಂಬಿ ಸೌತೆಯತ್ತ ತಿರುಗಿಯೂ ನೋಡುತ್ತಿರಲಿಲ್ಲ. ಬಾಲದಲ್ಲಿ ನೀಲಿ ಪಟ್ಟೆಗಳಿದ್ದ ಜೇನೊಂದು ಬಂದಷ್ಟೇ ಬೇಗ ಹೋಗುತ್ತಿತ್ತು. ನೊಣದಂಥ ಹೂನೊಣ ಗಾಳಿಯಲ್ಲಿ ಒಂದೇ ಕಡೆ ನಿಂತು ಯೋಚನೆ ಮಾಡುತ್ತಿತ್ತು. ಎಡೆಬಿಡದೆ ಬಂದು ಹೋಗುತ್ತಿದ್ದವು ಮಿಸರೆಗಳೇ. ಗೋಡೆಯಿಂದ ಹೂವಿಗೆ, ಹೂವಿನಿಂದ ಗೋಡೆಗೆ. ಮಧ್ಯಾಹ್ನ ಊಟಕ್ಕೆ ಬಂದಾಗ ಅವಳ ಮುಖ ಅರಳಿರುತ್ತಿತ್ತು.

ಶನಿವಾರ ಡ್ರೈವರ್ ಮಾಮ ಹಿತ್ತಲಿನಿಂದಲೇ ಕೂಗಿದ. "ಪೀಪೀ! ಟೈಲರಮ್ಮ! ಬನ್ನಿ ಇಲ್ಲಿ, ಬನ್ನಿ!"

ತೆರೆದ ಹೂವುಗಳ ಕಾಯಿ ಊದಿದ್ದವು. ಚೀಲ ಕಟ್ಟಿದ್ದವೂ ಊದಿದ್ದವು! ಒಂದೆರಡು ಹಳದಿಯಾಗಿದ್ದವು, ನಿಜ. ಉಳಿದವು ಚೀಲದೊಳಗೆ ಹಸಿರಾಗಿ, ಗುಂಡಗುಂಡಗೆ, ಹೊಲಿದ ಅಂಗಿ ಬಿಗಿಯಾಗುವಷ್ಟು ಬೆಳೆದು ಕೂತಿದ್ದವು.

ಪೀಪಿ ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದಳು. ಡ್ರೈವರ್ ಮಾಮನಿಗೆ ಗೆದ್ದ ಖುಷಿ, ಜೊತೆಗೆ ಹುಡುಗಿಯ ಮುಖ ನೋಡಿ ಒಳಗೊಳಗೇ ಕಸಿವಿಸಿ. "ಒಂದ್ಸಲ ನೋಡು ತಾಯಿ, ಚೀಲದಲ್ಲಿ ಎಲ್ಲಾದ್ರೂ ತೂತು ಗೀತು ಇತ್ತೇನೋ" ಎಂದು ತಾನೇ ದಾರಿ ತೋರಿಸಿದ.

ಪೀಪಿ ಸರಕ್ಕನೆ ತಿರುಗಿದಳು. "ದೊಡ್ಡಮ್ಮನ ಹೊಲಿಗೆಯಲ್ಲಿ ತೂತಾ? ಬಾಯಿ ತೊಳ್ಕೊಳ್ಳಿ ಮಾಮ. ನನ್ನ ಲೆಕ್ಕ ತಪ್ಪಿರ್ಬಹುದು, ಅವಳ ಕೈ ತಪ್ಪಲ್ಲ."

"ಹೌದ್ರೀ ಡ್ರೈವರಣ್ಣ, ಏನು ಮಾತು ಅಂತ ಆಡ್ತೀರಿ" ಎಂದಳು ದೊಡ್ಡಮ್ಮ. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಇಲಿ ಕಡಿದರೆ ತೂತು, ಇಸ್ತ್ರಿ ಸುಟ್ಟರೆ ತೂತು. ಕಾಜಾ ಹೇಗೆ ತೂತಾಗುತ್ತದೆ? ಕಾಜಾ ಎಂದರೆ ಕೆಲಸ. ನಲವತ್ತು ವರ್ಷದಿಂದ ಕೂತು ಹೆಣೆದ ಅವಳಿಗೆ ಆ ಮಾತು ಮನಸ್ಸಿನ ಅಂಚಿಗೂ ಸುಳಿಯಲಿಲ್ಲ.

ಆ ಸಂಜೆ ಪೀಪಿ ಊಟಕ್ಕೆ ಕೂತವಳು ತಟ್ಟೆಯಲ್ಲಿ ಬೆರಳಾಡಿಸಿ ಎದ್ದಳು. "ಕೆಲವು ತಳಿ ಹುಳ ಇಲ್ದೆಯೂ ಕಾಯಿ ಬಿಡುತ್ತವೆ ದೊಡ್ಡಮ್ಮಾ. ಇದು ಅಂಥದ್ದೇ ಇರ್ಬೇಕು. ಸರಿಯಾಗಿ ವಿಚಾರಿಸ್ದೆ ಪಂಥ ಕಟ್ಟಿದ್ದು ನನ್ನ ತಪ್ಪು."

"ಹಾಗಾದ್ರೆ ಗೋಡೆ?"

"ಗೋಡೆ ಹೋಗುತ್ತೆ. ಮಾತು ಕೊಟ್ಟಿದ್ದೀನಲ್ಲ." ತಟ್ಟೆ ತೊಳೆದಿಟ್ಟು, "ಗೂಡು ಬಿಚ್ಚಿ ಪೆಟ್ಟಿಗೆಗೆ ತುಂಬಿಸೋಕೆ ನೋಡ್ತೀನಿ. ಎಲ್ಲವೂ ಉಳಿಯಲ್ಲ. ಇಷ್ಟು ಹಳೇ ಗೂಡು, ಗೋಡೆ ಒಳಗೆ ಎಷ್ಟು ದೂರ ಹೋಗಿದೆಯೋ" ಎಂದಳು. ಆಮೇಲೆ ಮಗುವಿನ ಹಾಗೆ, "ಅವು ನಂಗೆ ಬರೀ ಹುಳ ಅಲ್ಲ, ದೊಡ್ಡಮ್ಮಾ. ನಂಗೆ ಉಸಿರಾಡೋಕೆ ಆಗ್ದೇ ಇದ್ದಾಗ ನನ್ನ ಜೊತೆ ಕೂತಿದ್ದು ನೀನು ಮತ್ತೆ ಅವು, ಅಷ್ಟೇ" ಎಂದು ಅತ್ತುಬಿಟ್ಟಳು. ದೊಡ್ಡಮ್ಮ ಅವಳ ಬೆನ್ನು ಸವರಿದಳು. ಕತ್ತಿನ ಹಿಂದಿನ ಪಿನ್ನು ಕೈಗೆ ಚುಚ್ಚಿತು, ಬಯ್ಯಲಿಲ್ಲ.

ಸೋಮವಾರ ಬೆಳಿಗ್ಗೆ ಗಾರೆ ಮೇಸ್ತ್ರಿ ಹಾರೆ, ಗುದ್ದಲಿ, ಬಾಂಡ್ಲಿ ಹೊತ್ತು ಬಂದ. ಪೀಪಿ ಗೋಡೆಯ ಮುಂದೆ ಮರದ ಪೆಟ್ಟಿಗೆ ಇಟ್ಟುಕೊಂಡು ತಯಾರಾಗಿ ನಿಂತಿದ್ದಳು. ಡ್ರೈವರ್ ಮಾಮ, "ಮೊದ್ಲು ಒಂದು ಲೋಟ ಚಹಾ ಕುಡೀರಿ, ಏನು ಅವಸರ" ಎಂದು ಮೇಸ್ತ್ರಿಯನ್ನು ಕೂರಿಸಿದ. ಅವಸರ ಇದ್ದವನು ಅವನೇ, ಈಗ ನಿಧಾನ ಮಾಡುತ್ತಿದ್ದವನೂ ಅವನೇ. ಇದನ್ನೆಲ್ಲ ಕಣ್ಣಿಂದ ನೋಡಲಾಗದೆ ದೊಡ್ಡಮ್ಮ ತನ್ನ ಚೀಲಗಳನ್ನಾದರೂ ಬಿಚ್ಚಿಕೊಂಡು ಬರೋಣವೆಂದು ಚಪ್ಪರದ ಕಡೆಗೆ ಹೋದಳು. ಹಿಂದಿನ ದಿನ ಸಂಜೆ ಪೀಪಿ, ಕೈ ಸುಮ್ಮನಿರಲಾಗದೆ, ಉಳಿದ ಚೀಲಗಳನ್ನೂ ಹೊಸ ಮೊಗ್ಗುಗಳಿಗೆ ಕಟ್ಟಿದ್ದಳು. ಅವು ಬೆಳಿಗ್ಗೆ ಒಳಗೇ ಅರಳಿ ಹಳದಿಯಾಗಿ ಕಾಣುತ್ತಿದ್ದವು.

ದೊಡ್ಡಮ್ಮ ಒಂದರ ದಾರಕ್ಕೆ ಕೈ ಹಾಕಿದಳು. ಒಳಗೆ ಏನೋ ಚಲಿಸಿತು. ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಹೂವಿನ ಮೇಲೆ ಅಕ್ಕಿಕಾಳಿನಷ್ಟೂ ಇಲ್ಲದ ಒಂದು ಕಪ್ಪು ಹುಳು ಆರಾಮಾಗಿ ಓಡಾಡಿಕೊಂಡಿತ್ತು. ಹೇಗೆ ಹೋಯಿತು ಇದು ಒಳಗೆ? ಅಂಚು ಬಿಟ್ಟಿದೆಯೇ? ಅವಳು ಉಸಿರು ಬಿಗಿಹಿಡಿದಳು. ಹುಳು ಬಟ್ಟೆಯ ಮೇಲೆ ಹತ್ತಿ, ಸುರುಕಿನ ಸಂದಿಗೆ ನುಗ್ಗಿ, ಅಲ್ಲಿಂದ ಮೊದಲು ತಲೆ, ಆಮೇಲೆ ಮೈ, ಕೊನೆಗೆ ಹಳದಿ ಪುಡಿ ಮೆತ್ತಿದ ಹಿಂಗಾಲು ಎಳೆದುಕೊಂಡು ರೇಷ್ಮೆ ದಾರದ ಕಾಜಾದಿಂದ ಹೊರಬಂತು. ಗುಂಡಿ ಹಾಕಿದಷ್ಟು ಸಲೀಸಾಗಿ ಬಂತು. ಬಂದು, ಕಾಜಾದ ಅಂಚಿನ ಮೇಲೆ ನಿಂತು ಮೀಸೆ ಒರೆಸಿಕೊಂಡು, ಗೋಡೆಯ ಕಡೆ ಹಾರಿತು.

ಅಯ್ಯೋ ನನ್ನ ಕೈಗೆ ಏನು ಬಂದಿತ್ತು! ಒಂದು ಕ್ಷಣ, ಒಂದೇ ಕ್ಷಣ, ನಾಚಿಕೆಯಿಂದ ಅವಳ ಕಾಲು ಕದಲಲಿಲ್ಲ. ಈಗ ಹೋಗಿ ಏನಂತ ಹೇಳುವುದು? ಅವಳ ಕೈ ತಪ್ಪಲ್ಲ ಅಂತ ಹುಡುಗಿ ಎದೆ ತಟ್ಟಿ ಹೇಳಿದ್ದು ಈ ಕೈಯ ಬಗ್ಗೆಯೇ. ಗೋಡೆಯ ಕಡೆಯಿಂದ ಹಾರೆ ನೆಲಕ್ಕೆ ಕುಟ್ಟಿದ ಸದ್ದು ಕೇಳಿಸಿತು.

"ನಿಲ್ಸಿ! ಹಾರೆ ಕೆಳಗಿಡಿ ಮೇಸ್ತ್ರೀ!" ದೊಡ್ಡಮ್ಮ ಅಷ್ಟು ಜೋರಾಗಿ ಕೂಗಿದ್ದನ್ನು ಆ ಹಿತ್ತಲು ಎಂದೂ ಕೇಳಿರಲಿಲ್ಲ. ಮೇಸ್ತ್ರಿ ಚಹಾದ ಲೋಟ ಕೆಳಗಿಟ್ಟ. ಹಾರೆ ಅವನ ಕೈಯಲ್ಲಿರಲೇ ಇಲ್ಲ. ಡ್ರೈವರ್ ಮಾಮನೇ ಅದನ್ನು ಗೋಡೆಗೆ ಒರಗಿಸಿಡುವಾಗ ಸದ್ದಾಗಿತ್ತು. "ತೂತು ಇದೆ" ಎಂದಳು ದೊಡ್ಡಮ್ಮ. "ಎಲ್ಲ ಚೀಲದಲ್ಲೂ ಇದೆ. ನಾನೇ ಇಟ್ಟಿದ್ದು."

"ಏನನ್ನ ಇಟ್ಟೆ?" ಪೀಪಿಗೆ ಅರ್ಥವಾಗಲಿಲ್ಲ.

"ಕಾಜಾ. ಪುಟ್ಟದು. ಅದು... ಉಸಿರಾಡ್ಲಿ ಅಂತ."

"ದೊಡ್ಡಮ್ಮಾ! ನೆಟ್ಟು ತಂದಿದ್ದೇ ಗಾಳಿ ಆಡ್ಲಿ ಅಂತ! ಹೂವಿಗೆ ಯಾರಾದ್ರೂ..." ಎಂದು ಶುರು ಮಾಡಿದ ಪೀಪಿ ಅರ್ಧಕ್ಕೇ ನಿಂತಳು. ದೊಡ್ಡಮ್ಮ ಕಣ್ಣು ತುಂಬಿಕೊಂಡು, ತಪ್ಪು ಮಾಡಿದ ಮಗುವಿನ ಹಾಗೆ ಸೆರಗಿನ ತುದಿ ಹಿಂಡುತ್ತಿದ್ದಳು. "ನಂಗೆ ಅದು ತೂತು ಅಂತ ಹೊಳೀಲೇ ಇಲ್ಲ ಕಣೇ. ನಿನ್ನ ಕೆಲ್ಸನೆಲ್ಲ ನಾನೇ ಹಾಳು ಮಾಡ್ದೆ. ಬಾ, ನಿನ್ನ ಕಣ್ಣಾರೆ ನೋಡು. ಡ್ರೈವರಣ್ಣ, ನೀವೂ ಬನ್ನಿ."

ನಾಲ್ವರೂ ಆ ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೇಸ್ತ್ರಿಗೆ ಏನೂ ಗೊತ್ತಿರಲಿಲ್ಲ, ಎಲ್ಲರೂ ಕೂತರೆಂದು ಅವನೂ ಕೂತ. "ಜೋರಾಗಿ ಉಸಿರು ಬಿಡ್ಬೇಡಿ" ಎಂದಳು ದೊಡ್ಡಮ್ಮ. ಬಹಳ ಹೊತ್ತು ಕಾಯಬೇಕಾಗಲಿಲ್ಲ. ಮಿಸರೆಯೊಂದು ಬಂದು ಚೀಲದ ಸುತ್ತ ಸುಳಿದು, ವಾಸನೆ ಹಿಡಿದು, ಸುರುಕಿನ ಮೇಲೆ ಇಳಿಯಿತು. ಕಾಜಾದೊಳಗೆ ತಲೆ ತೂರಿಸಿತು. ಅದರ ಕಾಲಲ್ಲಿ ಹಳದಿ ಮುದ್ದೆ.

"ಅಬ್ಬಾ!" ಡ್ರೈವರ್ ಮಾಮ ಪಿಸುಗುಟ್ಟಿದ. "ಫುಲ್ ಲೋಡು! ಆ ಸಂದಿಯಲ್ಲಿ ಹೆಂಗೆ ತಿರುಗಿಸ್ತು ನೋಡು ಗಾಡಿನ! ನಾನೂ ಹಂಗೆ ತಿರುಗಿಸ್ತಿರ್ಲಿಲ್ಲ."

ಪೀಪಿ ಹುಳುವನ್ನು ನೋಡಿದಳು, ಕಾಜಾ ನೋಡಿದಳು, ದೊಡ್ಡಮ್ಮನನ್ನು ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ನಕ್ಕು ನಕ್ಕು ಎದೆಯಿಂದ ಹಳೇ ಸುಂಯ್ ಸದ್ದು ಬರುವಷ್ಟು ನಕ್ಕಳು. "ದುಂಬಿ ಇದರಲ್ಲಿ ತೂರಲ್ಲ. ದೊಡ್ಡ ಜೇನೂ ತೂರಲ್ಲ. ತೂರೋ ಅಂಥದ್ದು ನಮ್ಮ ಗೋಡೆಯವೇ! ನನ್ನ ಚೀಲದಿಂದ ಬರೀ ಹುಳ ಬೇಕು ಅಂತ ಗೊತ್ತಾಗ್ತಿತ್ತು, ದೊಡ್ಡಮ್ಮಾ. ನಿನ್ನ ಚೀಲ ಯಾವ ಹುಳ ಅಂತನೂ ಹೇಳ್ತು."

ಡ್ರೈವರ್ ಮಾಮ ಮೊಣಕಾಲು ಹಿಡಿದುಕೊಂಡು ಎದ್ದ. ಪಂಥ ಪಂಥವೇ. "ಹಂಗೆಲ್ಲ ಬಿಡೋದಿಲ್ಲ. ತೂತಿಲ್ದೇ ಇರೋ ಚೀಲ ಹೊಲೀರಿ ಟೈಲರಮ್ಮ. ಅದೂ ಇರ್ಲಿ, ಇದೂ ಇರ್ಲಿ. ಆಮೇಲೆ ಹೇಳ್ತೀನಿ." ಮೇಸ್ತ್ರಿಗೆ ಮತ್ತೊಂದು ಲೋಟ ಚಹಾ ಕೊಟ್ಟು ವಾಪಸು ಕಳಿಸಿದ.

ಕಾಜಾ ಇಲ್ಲದ ಚೀಲ ಹೊಲಿಯುವಾಗ ದೊಡ್ಡಮ್ಮನಿಗೆ ಪ್ರಾಣಸಂಕಟ. ಎಷ್ಟೋ ಸಲ ಕತ್ತರಿಯತ್ತ ಹೋದ ಕೈಯನ್ನು ತಾನೇ ಬಡಿದು ಹಿಂದೆ ತಂದಳು. "ಕ್ಷಮಿಸಮ್ಮ" ಎಂದು ಒಂದೊಂದು ಮೊಗ್ಗಿಗೂ ಹೇಳಿ ಕಟ್ಟಿದಳಂತೆ. ಡ್ರೈವರ್ ಮಾಮ ಕೇಳಿಸಿಕೊಂಡು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಕೆಲವೇ ದಿನಗಳಲ್ಲಿ ಗೊತ್ತಾಯಿತು. ಕಾಜಾ ಇದ್ದ ಚೀಲದ ಕಾಯಿಗಳು ಹಸಿರಾಗಿ ಊದಿದವು. ಮುಚ್ಚಿದ ಚೀಲದವು ಮೊದಲು ತುದಿಯಲ್ಲಿ ಬಾಡಿ, ಹಳದಿ ತಿರುಗಿ, ಮುಟ್ಟಿದರೆ ಕೈಗೆ ಬಂದವು. ಡ್ರೈವರ್ ಮಾಮ ಉದುರಿದ ಎಳೆ ಕಾಯಿಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದ. "ಸಾಕು ಮಾರಾಯ್ತಿ, ಬಿಚ್ಚಿ ಹಾಕು ಎಲ್ಲಾನೂ. ಇದನ್ನ ನೋಡೋಕೆ ಆಗಲ್ಲ ನನ್ನ ಕೈಲಿ" ಎಂದ. ಮರುದಿನ ವ್ಯಾನಿಗೆ ಬೀದಿಯಲ್ಲೇ ಒಂದು ಟಾರ್ಪಾಲು ಹೊದಿಸಿದ. ಗೋಡೆಯ ಹೊಟ್ಟೆಗೆ ಮೇಸ್ತ್ರಿಯಿಂದ ಒಂದು ಊರುಗೋಲು ಕೊಡಿಸಿದ, ಕೊಳವೆಗಳಿಗೆ ತಾಕದ ಹಾಗೆ.

ಆದರೆ ದೊಡ್ಡಮ್ಮನ ಮನಸ್ಸಿಗೆ ಮಾತ್ರ ಅದು ಕುಟುಕುತ್ತಲೇ ಇತ್ತು. ಗೆದ್ದದ್ದೇನೋ ಗೆದ್ದೆವು, ಹಾರೆ ಬೀಳುವ ಮುಂಚೆ ಆ ಹುಳು ಹೊರಗೆ ಬರದೇ ಇದ್ದಿದ್ದರೆ? ತನ್ನ ಹಟದಿಂದ ಹುಡುಗಿಯ ಗೋಡೆ ಹೋಗುತ್ತಿತ್ತು. ಅಳತೆ ಎಂದರೆ ಅಳತೆ, ಇನ್ನು ಮುಂದೆ ಒಂದು ನೂಲೂ ಹೆಚ್ಚಿಲ್ಲ ಎಂದು ತೀರ್ಮಾನಿಸಿದಳು. ಪೀಪಿಗೆಂದು ಎತ್ತಿಟ್ಟಿದ್ದ ಒಳ್ಳೆಯ ಬಟ್ಟೆ ತೆಗೆದಳು. ಟೇಪು ಹಿಡಿದು, ಹಿಡಿದ ಅಳತೆಗೇ ಕತ್ತರಿಸಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ ಕತ್ತಿಗೆ ಸರಿಯಾಗಿ ಕೂರುವ ಅಂಗಿ ಹೊಲಿದಳು. ಹೊಲಿಯುವಾಗ ಮೆಷಿನ್ನಿನ ಮೇಲೆ ಎರಡು ಹನಿ ಬಿದ್ದದ್ದನ್ನು ಒರೆಸಿದಳು.

ಪೀಪಿ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತಳು. ಮೈಗೆ ಅಚ್ಚು ಹಾಕಿದ ಹಾಗಿತ್ತು. ನರ್ಸು ತಂಗಿ, "ಅಂತೂ ಕೊನೆಗೂ ಒಂದು ಅಂಗಿ!" ಎಂದು ಚಪ್ಪಾಳೆ ತಟ್ಟಿದಳು. ಡ್ರೈವರ್ ಮಾಮ ಬಾಗಿಲಲ್ಲಿ ನಿಂತು ಸೀಟಿ ಹೊಡೆದ. ದೊಡ್ಡಮ್ಮ ಮಾತ್ರ ಸೂಜಿಗೆ ದಾರ ಪೋಣಿಸುವವಳ ಹಾಗೆ ತಲೆ ತಗ್ಗಿಸಿ ಕೂತಿದ್ದಳು.

ಪೀಪಿ ಒಳಗೆ ಹೋಗಿ ಹಳೇ ಅಂಗಿ ಹಾಕಿಕೊಂಡು ಬಂದಳು. ಬೆನ್ನ ಹಿಂದೆ ಕೈಹಾಕಿ ಕತ್ತಿನ ಪಿನ್ನು ಕಿತ್ತು, ಮೆಷಿನ್ನಿನ ಪಕ್ಕದ ಪಿನ್ನಿನ ಡಬ್ಬಿಗೆ ಹಾಕಿದಳು. ಅಂಗಿ ಯಾವತ್ತಿನ ಹಾಗೆ ಒಂದು ಭುಜದಿಂದ ಜಾರಿತು. ಅದನ್ನು ಎತ್ತಿಕೊಳ್ಳಲೂ ಹೋಗಲಿಲ್ಲ. ಹೊಸ ಅಂಗಿಯನ್ನು ಮಡಚಿ ದೊಡ್ಡಮ್ಮನ ತೊಡೆಯ ಮೇಲೆ ಇಟ್ಟಳು.

"ಕತ್ತು ಬಿಗಿ ಆಯ್ತು ದೊಡ್ಡಮ್ಮಾ. ಬಿಚ್ಚಿ ಹೊಲಿ."

ದೊಡ್ಡಮ್ಮ ತಲೆಯೆತ್ತಿದಳು. ಬಿಗಿಯಾಗಿರಲಿಲ್ಲ, ಅಳತೆ ತೆಗೆದವಳು ಅವಳೇ, ಅವಳಿಗೆ ಗೊತ್ತಿಲ್ಲವೇ? "ಎಷ್ಟು ಬಿಡ್ಲಿ?" ಎಂದಳು.

"ಎರಡು ಬೆರಳು" ಎಂದು ಪೀಪಿ ಸ್ಟೂಲು ಎಳೆದುಕೊಂಡು ಮೆಷಿನ್ನಿನ ಪಕ್ಕದಲ್ಲೇ ಕೂತಳು. ದೊಡ್ಡಮ್ಮ ಸಣ್ಣ ಕತ್ತರಿ ಎತ್ತಿಕೊಂಡು ಕತ್ತಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು.